ನೀವು ಬಿಟ್ಟು ಹೋದ ಲ್ಯಾಪ್‌ಟಾಪ್

ಗುಬ್ಬಿ
೧೩ ನವೆಂಬರ್ ೨೦೨೫, ಗುರುವಾರ

ಜಯಪ್ರಕಾಶ್ ಅವರಿಗೆ,

ಪ್ರೇಮಲತಾ ಬರೆಯುವುದು. ‘ಪ್ರೀತಿಯ’ ಎಂದು ಶುರು ಮಾಡುವಷ್ಟು ಪ್ರೀತಿ ಈ ಹೊತ್ತಿಗೆ ನನ್ನಲ್ಲಿಲ್ಲ. ‘ಮಾನ್ಯರೇ’ ಎಂದರೆ ಕರೆಂಟಿನ ಆಫೀಸಿಗೆ ಅರ್ಜಿ ಹಾಕಿದ ಹಾಗಾಗುತ್ತದೆ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ನಾನು ಚೆನ್ನಾಗಿದ್ದೇನೆ, ಅತ್ತೆ ಚೆನ್ನಾಗಿದ್ದಾರೆ. ನೀವು ಬಿಟ್ಟು ಹೋದ ಲ್ಯಾಪ್‌ಟಾಪ್ ಮಾತ್ರ ಚೆನ್ನಾಗಿಲ್ಲ.

ಈ ಕಾಗದವನ್ನು ಮೊದಲು ಅದರಲ್ಲೇ ಟೈಪ್ ಮಾಡಲು ಕೂತೆ. ನಿಮ್ಮ ಹೆಸರು ಹೊಡೆದು ಒಂದು ಕಾಮಾ ಹಾಕಿದ್ದೆ, ಸ್ಕ್ರೀನು ಕಪ್ಪಗಾಯಿತು. ಮತ್ತೆ ಆನ್ ಮಾಡಿ ಹೊಡೆದೆ. ಈ ಸಲ ಬೈಗುಳದವರೆಗೂ ಬಂದಿದ್ದೆ, ಮತ್ತೆ ಹೋಯಿತು. ನಿಮ್ಮ ವಸ್ತು, ನಿಮ್ಮ ಪರವಾಗಿಯೇ ಇದೆ. ಕೊನೆಗೆ ಪೆನ್ನು ಹಿಡಿದೆ. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡಿ. ನಾವಿಬ್ಬರೂ ಫೋನ್ ಎತ್ತಿದರೆ ಹಲೋ ಮುಗಿಯುವ ಮೊದಲೇ ಜಗಳ ಶುರುವಾಗಿರುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನೀವು ಓದಿ, ನೀಲಿ ಗೀಟು ತೋರಿಸಿ, ಬಾಯಿಗೆ ಬೀಗ ಹಾಕಿಕೊಳ್ಳುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕದೆ ಪೂರ್ತಿ ಓದಲೇಬೇಕಲ್ಲ.

ನೀವು ಹೋಗುವಾಗ ಹೊಸ ಕಂಪ್ಯೂಟರು, ಕಲರ್ ಪ್ರಿಂಟರು, ಬೆನ್ನು ನೋಯದ ಕುರ್ಚಿ, ಎಲ್ಲವನ್ನೂ ಟೆಂಪೋಗೆ ಹಾಕಿಸಿದಿರಿ. ಕುಣಿಗಲ್ಲಿನಲ್ಲಿ ನಿಮ್ಮ ಸ್ನೇಹಿತ ಚನ್ನೇಶನ ಜೊತೆ ಹೊಸ ಅಂಗಡಿ ಎಂದಿರಿ. ಈ ಹಳೆಯದನ್ನು ಮೇಜಿನ ಮೇಲೆ ಬಿಟ್ಟು “ನಿಂಗೆ ಇದು ಸಾಕು” ಎಂದಿರಿ. ಜಗಳ ಶುರುವಾದದ್ದು ಯಾವುದರಿಂದ ಎನ್ನುವುದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ನಮ್ಮ ಟೈಪಿಂಗ್ ಅಂಗಡಿಯ ತುಂಬ ಗಿರಾಕಿಗಳಿದ್ದಾಗ, ಲಗ್ನಪತ್ರಿಕೆ ಚೆನ್ನಾಗಿ ಬಂದಿದೆ ಎಂದು ಯಾರೋ ನನ್ನನ್ನು ಹೊಗಳಿದರೆ, ನೀವು ನಗುತ್ತಾ “ಅವಳು ಬರೀ ಟೈಪ್ ಮಾಡೋಳು, ಕೆಲಸ ಎಲ್ಲ ನಂದೇ” ಎಂದಿರಿ. ಅಷ್ಟು ವರ್ಷ ಪಕ್ಕದಲ್ಲಿ ಕೂತು ಕಣ್ಣು ಕೆಂಪು ಮಾಡಿಕೊಂಡವಳಿಗೆ ಆ ಮಾತು ಎಲ್ಲಿ ನಾಟಿತು ಎಂದು ನೀವು ತಿರುಗಿ ಕೂಡ ನೋಡಲಿಲ್ಲ. ನನಗೆ ನೋವಾಯಿತು. ಇವತ್ತಿಗೂ ಆಗಿದೆ.

ಈಗ ಮೇಲಿಂದ ನಿಮ್ಮ ಹೊಸ ಆಜ್ಞೆ ಬಂದಿದೆ. ನನಗೆ ಹೇಳುವ ಧೈರ್ಯವಿಲ್ಲದೆ ದೀಪಾವಳಿಯಾದ ಕೂಡಲೇ ಅತ್ತೆಗೆ ಫೋನ್ ಮಾಡಿ ಹೇಳಿದ್ದೀರಿ. ಕಾರ್ತಿಕ ಮುಗಿಯುವವರೆಗೆ ನೋಡುತ್ತೀರಂತೆ. ಅಷ್ಟರಲ್ಲಿ ಅಂಗಡಿ ಹಳಿಗೆ ಬರದಿದ್ದರೆ ನಾನು ಬಾಗಿಲು ಹಾಕಿ ಊರ್ಡಿಗೆರೆಗೆ ಅಣ್ಣನ ಮನೆಗೆ ಹೋಗಬೇಕಂತೆ. ಇಪ್ಪತ್ತಮೂರನೇ ತಾರೀಕು ಭಾನುವಾರ ನೀವು ಕಾರು ತಂದು ಅತ್ತೆಯನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗುತ್ತೀರಂತೆ. ಮನೆಯ ಸಾಮಾನು ಹಂಚಿದ ಹಾಗೆ ನಮ್ಮಿಬ್ಬರನ್ನು ಆ ಕಡೆ ಒಂದು, ಈ ಕಡೆ ಒಂದು ಮಾಡಿ ಮುಗಿಸಿದ್ದೀರಿ. ಅತ್ತೆ ಫೋನ್ ಇಟ್ಟು, ಏನೂ ಆಗಿಲ್ಲವೆನ್ನುವ ಹಾಗೆ ಹೋಗಿ ಅಕ್ಕಿ ಆರಿಸುತ್ತಾ ಕೂತರು.

ಹಾಗಾಗಿ ಅಂಗಡಿ ನಡೆಯಲೇಬೇಕು. ಅಂಗಡಿ ನಡೆಯಬೇಕಾದರೆ ಈ ದರಿದ್ರ ಲ್ಯಾಪ್‌ಟಾಪ್ ನಡೆಯಬೇಕು.

ಈಗ ಕೈಯಲ್ಲಿರುವುದು ಚೇಳೂರಿನ ಪುಟ್ಟರಂಗಯ್ಯನವರ ಮೊಮ್ಮಗಳು ಶೃತಿಯ ಲಗ್ನಪತ್ರಿಕೆ. ಆ ವಂಶ ನಿಮಗೆ ಗೊತ್ತಲ್ಲ, ಸುಖಾಗಮನ ಬಯಸುವವರ ಹೆಸರು ಬರೆಯಲು ಒಂದು ಪುಟ ಸಾಲದು. ಪತ್ರಿಕೆ ಸರಿಯಾಗಿ ಬಂದರೆ ಆ ಕಡೆಯ ಮದುವೆಗಳೆಲ್ಲ ನಮಗೇ ಬರುತ್ತವೆ, ಕೆಟ್ಟರೆ ಇನ್ನು ಯಾರೂ ನನ್ನ ಮೆಟ್ಟಿಲು ಹತ್ತುವುದಿಲ್ಲ. ಮೊನ್ನೆ ಪುಟ್ಟರಂಗಯ್ಯನವರು ಬಂದು ದೊಡ್ಡಪ್ಪನ ಹೆಸರು ಮೇಲೆ ಹೋಗಬೇಕು ಎಂದರು. ನಿನ್ನೆ ಬಂದು ಸೋದರಮಾವ ಮುನಿಸಿಕೊಂಡಿದ್ದಾನೆ, ಅವನನ್ನು ಮೇಲೆ ತನ್ನಿ ಎಂದರು. ಇವತ್ತು ಬೆಳಿಗ್ಗೆ ನೆಂಟರಾದ ಅಡವಿಯಪ್ಪನವರ ಹೆಸರಿನ ಮುಂದಿರುವ ‘ನಿವೃತ್ತ’ ತೆಗೆಯಿರಿ, ಅವರಿಗೆ ಆ ಸಂಕಟ ಇನ್ನೂ ಹೋಗಿಲ್ಲ ಎಂದರು. ಹೆಸರು ಮೇಲೆ ಕೆಳಗೆ ಮಾಡುವುದು ನನಗೆ ಕಷ್ಟವಲ್ಲ. ಒಬ್ಬರನ್ನು ಮೇಲೆ ತರುವಷ್ಟರಲ್ಲಿ ಲ್ಯಾಪ್‌ಟಾಪ್ ಆಫ್ ಆಗಿ, ಎಲ್ಲರೂ ಇದ್ದಲ್ಲಿಗೇ ಇಳಿದು ಕೂತಿರುತ್ತಾರೆ. ಅದು ಕಷ್ಟ.

ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಡದೆ ಅವರ ಮನೆಯಲ್ಲಿ ಯಾರಿಗೂ ಪತ್ರಿಕೆ ಕೊಡುವ ಹಾಗಿಲ್ಲ. ಅದನ್ನು ಇಡಲು ಕಡೇ ಕಾರ್ತಿಕ ಸೋಮವಾರ, ಅಂದರೆ ಬರುವ ಸೋಮವಾರ ಎಂದು ಗೊತ್ತು ಮಾಡಿಕೊಂಡಿದ್ದಾರೆ. ತುಮಕೂರಿನ ಪ್ರೆಸ್ಸಿನ ಸರ್ದಾರ್ ಪಾಷಾ ಸಾಹೇಬರು “ಮೇಡಂ, ಶುಕ್ರವಾರ ಸಂಜೆ ಒಳಗೆ ಫೈಲ್ ಕೊಟ್ರೆ ಶನಿವಾರ ಹೊಡ್ದು ಕೊಡ್ತೀನಿ, ಆಮೇಲೆ ನನ್ನ ಕೈಲಾಗಲ್ಲ” ಎಂದಿದ್ದಾರೆ. ಪುಟ್ಟರಂಗಯ್ಯನವರು ಅಂಗಡಿಗೆ ಬಂದಾಗಲೆಲ್ಲ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ “ಏನವ್ವ, ಎಜಮಾನ್ರು ಇಲ್ವಾ?” ಎಂದು ಕೇಳುತ್ತಾರೆ. ಇವತ್ತು “ನಿಂಗೆ ಆಗಾಕಿಲ್ಲ ಅಂದ್ರೆ ಏಳ್ಬುಡು, ಕುಣಿಗಲ್ಲಿಗೇ ಓಯ್ತೀನಿ” ಎಂದೂ ಹೇಳಿ ಹೋದರು. ನನ್ನ ಕೈಯ ಕೆಲಸ ತಪ್ಪಿ ನಿಮ್ಮ ಕೈ ಸೇರುವುದೆಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ.

ಬೇರೆ ಕಂಪ್ಯೂಟರಿನಲ್ಲಿ ಮಾಡಬಹುದಲ್ಲ ಎಂದು ನೀವು ಕೇಳುವುದಿಲ್ಲ, ನಿಮಗೆ ಗೊತ್ತು. ನಮ್ಮ ಹಳೆಯ ಅಕ್ಷರಗಳು, ಬಾರ್ಡರುಗಳು, ಗಣಪತಿಗಳು ಎಲ್ಲ ಇದರ ಹೊಟ್ಟೆಯಲ್ಲೇ ಇವೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಚೆಲ್ಲಾಪಿಲ್ಲಿಯಾಗುತ್ತವೆ.

ಮೊದಲು ನನಗೆ ಕರೆಂಟಿನ ಮೇಲೆ ಅನುಮಾನ ಬಂತು. ಪ್ಲಗ್ ಬದಲಾಯಿಸಿದೆ. ಪಕ್ಕದ ಜೆರಾಕ್ಸ್ ಅಂಗಡಿಯಿಂದ ವೈರು ಎಳೆದೆ. ಅವರ ಮೆಷಿನ್ನು ಕಾಪಿ ಮೇಲೆ ಕಾಪಿ ಉಗುಳುತ್ತಿತ್ತು, ಅದೇ ವೈರಿನಲ್ಲಿ ನನ್ನದು ಸತ್ತು ಬಿದ್ದಿತ್ತು. ಬ್ಯಾಟರಿ ಕಳಚಿ ಬರೀ ಚಾರ್ಜರಿನ ಮೇಲೆ ಓಡಿಸಿದೆ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯ ಮೇಲೆ ಓಡಿಸಿದೆ. ಇನ್ಯಾರದೋ ಚಾರ್ಜರ್ ಕೇಳಿ ತಂದೆ. ಎಲ್ಲದಕ್ಕೂ ಒಂದೇ ಉತ್ತರ. ವೈರಸ್ ಇರಬಹುದು ಎಂದರು ಜೆರಾಕ್ಸಿನವರು. ವೈರಸ್ ಹುಡುಕಲು ಬಿಟ್ಟರೆ ಮಾಮೂಲಿಗಿಂತ ಬೇಗ ಆಫ್ ಆಯಿತು.

ಕೊನೆಗೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತುಮಕೂರಿಗೆ ಹೋದೆ. ರಿಪೇರಿಯವನು ಏಸಿ ರೂಮಿನಲ್ಲಿ, ಗಾಜಿನ ಮೇಜಿನ ಮೇಲೆ ಇಟ್ಟು ಆನ್ ಮಾಡಿದ. ಓಡಿತು. ಅವನು ಕಾಫಿ ತರಿಸಿ ಕುಡಿದು ಮುಗಿಸಿದ, ಆಗಲೂ ಓಡುತ್ತಿತ್ತು. ಡಾಕ್ಟರ ಮುಂದೆ ಕೂತ ಕೂಡಲೇ ಜ್ವರ ಬಿಡುತ್ತದಲ್ಲ, ಹಾಗೆ. “ಚೆನ್ನಾಗೇ ಐತಲ್ಲ ಮೇಡಂ, ಮನೇಲಿ ಮಕ್ಳು ಏನಾದ್ರೂ ಒತ್ತುತ್ತಾರಾ?” ಎಂದ. ನಮಗೆ ಮಕ್ಕಳಿಲ್ಲವೆಂದು ಅವನಿಗೆ ಹೇಳುತ್ತಾ ಕೂರಲೇ? ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದ. ನಮ್ಮ ಅಕ್ಷರಗಳ ಗತಿ ನೆನೆದು, ಅವನ ಕೈಯಿಂದ ಕಿತ್ತುಕೊಂಡ ಹಾಗೆ ವಾಪಸ್ ತಂದೆ. ಗುಬ್ಬಿಯಲ್ಲಿ ಅಂಗಡಿ ತೆಗೆದು ದೊಡ್ಡಪ್ಪನ ಹೆಸರಿಗೆ ಕೈ ಹಾಕಿದೆ, ಹೋಯಿತು.

ಅತ್ತೆಯದು ಬೇರೆಯೇ ವೈದ್ಯ. “ಯಾರ್ದೋ ಕಣ್ಣು ಬಿದ್ದೈತೆ ಕಣವ್ವ, ನೀನು ತಲೆ ಕೆಡಿಸ್ಕೋಬೇಡ ಬುಡು” ಎಂದು ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದರು. ಮೆಣಸಿನಕಾಯಿಯ ಘಾಟು ಬರಲೇ ಇಲ್ಲವಂತೆ, ಅಷ್ಟು ದೃಷ್ಟಿಯಾಗಿತ್ತಂತೆ. ನನಗೆ ಘಾಟು ಬಂದು ಕೆಮ್ಮಿ ಕೆಮ್ಮಿ ಸಾಕಾಯಿತು.

ಇಷ್ಟೆಲ್ಲ ಆದ ಮೇಲೆ ನನಗೆ ಉಳಿದಿರುವ ಅನುಮಾನ ನಿಮ್ಮ ಮೇಲೆ. ಇಷ್ಟು ಹೊತ್ತಾದ ಮೇಲೆ ತಾನಾಗಿ ಆಫ್ ಆಗು ಎಂದು ಸೆಟ್ಟಿಂಗ್ ಇಡಲು ನಿಮಗೆ ಬರುತ್ತದೆ. ನಾನು ಅಂಗಡಿ ನಡೆಸಲಾರೆ ಎಂದು ಊರಿಗೆ ತೋರಿಸುವ ಆಸೆಯೂ ನಿಮಗಿದೆ. ಏನು ಮಾಡಿಟ್ಟು ಹೋಗಿದ್ದೀರಿ, ನಿಜ ಹೇಳಿ. ಇಷ್ಟು ಸಣ್ಣ ಮನುಷ್ಯರು ನೀವಲ್ಲ ಎಂದುಕೊಂಡಿದ್ದೆ.

ಅಲ್ಲಿ ಪುಟ್ಟರಂಗಯ್ಯನವರು ಮತ್ತೆ ಬರುತ್ತಿದ್ದಾರೆ. ಈ ಸಲ ಯಾರು ಮುನಿಸಿಕೊಂಡರೋ ನೋಡಬೇಕು.

ಶುಕ್ರವಾರ ಸಂಜೆ

ಮೇಲಿನದನ್ನು ನಿನ್ನೆಯೇ ಪೋಸ್ಟ್ ಮಾಡಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದರು. ನಿಮ್ಮ ಅದೃಷ್ಟವೋ ನನ್ನ ಅದೃಷ್ಟವೋ ತಿಳಿಯದು. ಕಾರಣ ಸಿಕ್ಕಿತು. ನೀವಲ್ಲ. ಹಾಗೆಂದು ಮೇಲಿನ ಪುಟ ಹರಿಯುವುದಿಲ್ಲ. ಆ ಬೈಗುಳ ಬೇರೆ ಲೆಕ್ಕಗಳಿಗೆ ಜಮಾ ಮಾಡಿಕೊಳ್ಳಿ.

ನಿನ್ನೆ ರಾತ್ರಿ ಎಂದಿನ ಹಾಗೆ ಮನೆಗೆ ತಂದು ಮತ್ತೊಮ್ಮೆ ಓಡಿಸಿ ನೋಡಿದೆ, ಹೋಯಿತು, ಎತ್ತಿಡುವಾಗ ಅಡಿಯಲ್ಲಿ ಕೈ ಸುಟ್ಟಿತು. ರೊಟ್ಟಿ ಹೆಂಚು ಮುಟ್ಟಿದ ಹಾಗಿತ್ತು. ಬ್ಯಾಟರಿ ಕಳಚಿದಾಗಲೂ ನನ್ನ ಕಣ್ಣು ಬ್ಯಾಟರಿಯ ಮೇಲಷ್ಟೇ ಇತ್ತು, ಅಡಿಯನ್ನು ಸರಿಯಾಗಿ ನೋಡಿರಲೇ ಇಲ್ಲ. ತಿರುಗಿಸಿದೆ. ಗಾಳಿಯಾಡಲು ಸೀಳು ಸೀಳಾಗಿ ತೂತುಗಳಿರುತ್ತವಲ್ಲ, ಆ ಸೀಳುಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ನೀವು ಡ್ರಾಯರಿನಲ್ಲಿ ಮರೆತು ಹೋದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಅಡಿಯ ತಟ್ಟೆ ಬಿಚ್ಚಿದೆ. ಒಳಗೆ ಇರುವುದು ಫ್ಯಾನೋ ಮಂಗಳಾರತಿ ತಟ್ಟೆಯೋ ಗೊತ್ತಾಗಲಿಲ್ಲ. ಅರಿಶಿನ, ಕುಂಕುಮ, ಧೂಳು ಮೂರೂ ಸೇರಿ ರೆಕ್ಕೆಗಳಿಗೆ ಮೆತ್ತಿಕೊಂಡಿದ್ದವು. ಎರಡು ರೆಕ್ಕೆಗಳ ನಡುವೆ ಒಂದು ಅಕ್ಷತೆಕಾಳು ಸಿಕ್ಕಿಕೊಂಡು ಫ್ಯಾನು ಅಲುಗಾಡದೆ ನಿಂತಿತ್ತು. ಫ್ಯಾನ್ ತಿರುಗದೆ ಒಳಗೆಲ್ಲ ಕಾಯುತ್ತಿತ್ತು. ಕಾದು ಕಾದು, ಸುಟ್ಟುಹೋಗುವುದಕ್ಕಿಂತ ಆಫ್ ಆಗುವುದೇ ವಾಸಿ ಎಂದು ಆಫ್ ಆಗುತ್ತಿತ್ತು.

ಆಗಲೂ ಮೊದಲು ನಿಮ್ಮ ಮೇಲೇ ಸಿಟ್ಟು ಬಂತು. ಆಯುಧಪೂಜೆಯಲ್ಲಿ ಲ್ಯಾಪ್‌ಟಾಪನ್ನು ಆನ್ ಮಾಡಿಟ್ಟು ಪೂಜೆ ಮಾಡುವವರು ನೀವು. ಇಂಜಿನ್ ಓಡುತ್ತಿರುವಾಗಲೇ ಗಾಡಿ ಪೂಜೆ ಮಾಡಬೇಕು ಎಂದು ನಾಲ್ಕು ಮೂಲೆಗೆ ನಿಂಬೆಹಣ್ಣು ಇಟ್ಟಿದ್ದು ನೆನಪಾಯಿತು. ಆದರೆ ಈ ಸಲದ ಆಯುಧಪೂಜೆಗೆ ನೀವು ಇಲ್ಲಿರಲಿಲ್ಲ. ಮೆತ್ತಿದ್ದ ಕುಂಕುಮ ಕಪ್ಪಾಗಿರಲಿಲ್ಲ, ಕೈಗೆ ಹಸಿಯಾಗಿ ಹತ್ತಿತು. ಮೂಲೆಯಲ್ಲಿ ಕನಕಾಂಬರದ ಒಂದು ಎಸಳು ಇತ್ತು, ಇನ್ನೂ ಬಾಡಿರಲಿಲ್ಲ. ನಿನ್ನೆ ಬೆಳಿಗ್ಗೆ ಅತ್ತೆ ನನ್ನ ಮುಡಿಗೂ ಅದೇ ಕನಕಾಂಬರ ಇಟ್ಟಿದ್ದರು. ಏನನ್ನೂ ತೆಗೆಯದೆ ತಟ್ಟೆ ಮುಚ್ಚಿ ಇದ್ದ ಹಾಗೇ ಇಟ್ಟೆ.

ಇವತ್ತು ಬೆಳಿಗ್ಗೆ ಸ್ನಾನಕ್ಕೆ ಹೋಗುತ್ತೇನೆ ಎಂದು ಹೇಳಿ, ಬಚ್ಚಲಲ್ಲಿ ನೀರು ಬಿಟ್ಟು, ಬಾಗಿಲ ಸಂದಿಯಲ್ಲಿ ನಿಂತೆ. ಅತ್ತೆ ಹಿತ್ತಾಳೆ ತಟ್ಟೆಗೆ ಅಕ್ಕಿ ಹರಡಿ, ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿದರು. ಮುಚ್ಚಳ ತೆರೆದು ಬಟನ್ ಒತ್ತಿದರು. ನೀಲಿ ಲೈಟು ಹೊತ್ತಿದ ಕೂಡಲೇ ಕೈ ಮುಗಿದರು. ಅವರ ಪಾಲಿಗೆ ಅದು ದೀಪ. ಆಮೇಲೆ ಅರಿಶಿನ, ಕುಂಕುಮ, ಅಕ್ಷತೆ, ಹೂವು. ಉದುರಿದ್ದೆಲ್ಲ ತಟ್ಟೆಗೆ ಬಿದ್ದು ಅಡಿಯ ಸೀಳುಗಳೊಳಗೆ ಸೇರುತ್ತಿತ್ತು. ಪೂಜೆ ಮುಗಿಸಿ, ಅದೇ ಬಟನ್ ಒತ್ತಿ ಆರಿಸಿ, ಸೆರಗಿನಲ್ಲಿ ಮೇಲೆಲ್ಲ ಒರೆಸಿ, ಹೊಸ ರವಿಕೆ ಕಣ ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟರು. ಆ ಬಟ್ಟೆಯನ್ನು ಅವರೇ ಕೊಟ್ಟಿದ್ದು. ಲಕ್ಷ್ಮಿಯನ್ನು ಬರೀ ಮರದ ಮೇಲೆ ಕೂರಿಸಬಾರದು, ಅಂಗಡಿಯಲ್ಲೂ ಇದರ ಮೇಲೇ ಇಡು ಎಂದಿದ್ದರು. ನಾನೂ ಭಕ್ತಿಯಿಂದ ಹಾಗೇ ಇಟ್ಟು, ಬರಬೇಕಾದ ಚೂರು ಗಾಳಿಗೂ ಬಾಗಿಲು ಹಾಕಿದ್ದೆ. ರಿಪೇರಿಯವನ ಏಸಿಯಲ್ಲಿ, ಗಾಜಿನ ಮೇಜಿನ ಮೇಲೆ ಅದು ಯಾಕೆ ಓಡಿತೆಂದು ಆಗ ತಿಳಿಯಿತು.

ನೀರು ನಿಲ್ಲಿಸಿ ಹೊರಗೆ ಬಂದೆ. ಸಿಟ್ಟು ನೆತ್ತಿಗೇರಿತ್ತು ಎಂದು ಬರೆಯಬೇಕು, ನಿಜವಾಗಿ ಏರಿತ್ತು. ಇಷ್ಟು ದಿನ ಪ್ಲಗ್ ಕಿತ್ತು, ಬಸ್ಸು ಹತ್ತಿ, ಗಂಡನನ್ನು ಶಪಿಸಿ ಒದ್ದಾಡಿದ್ದೇನೆ. ಅತ್ತೆ ಬೆಚ್ಚಿ, ಕುಂಕುಮದ ಬಟ್ಟಲು ಸೆರಗಿನೊಳಗೆ ಮುಚ್ಚಿಕೊಂಡರು. ಏನೆಂದು ಬೇಡಿಕೊಳ್ಳುತ್ತೀರಿ ಅತ್ತೆ, ದಿನಾ ದಿನಾ, ಎಂದು ಕೇಳಿದೆ. ಬೈಯುವುದಕ್ಕೆ ಪೀಠಿಕೆಯಾಗಿ ಕೇಳಿದ್ದು ಅಷ್ಟೇ.

“ನಿಲ್ದಂಗೆ ಓಡ್ಲಿ ಅಂತ ಕಣವ್ವ” ಎಂದರು. “ಅದು ನಿಂತೋದ್ರೆ ನೀನು ಊರ್ಡಿಗೆರೆಗೆ ಒಂಟೋಯ್ತೀಯ. ನನ್ನ ಅವ್ನು ಕುಣಿಗಲ್ಲಿಗೆ ಎತ್ತಾಕ್ಕೊಂಡು ಓಯ್ತಾನೆ. ಅಲ್ಲಿ ನಾನು ಯಾರ ಜೊತೆ ಜಗಳ ಆಡ್ಲಿ?”

ನಿಮ್ಮ ತಾಯಿ ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದಾರೆ ಎನ್ನುವುದಕ್ಕೆ ಈ ಬೀದಿಯೇ ಸಾಕ್ಷಿ. ಸಾರಿಗೆ ಉಪ್ಪು ಜಾಸ್ತಿ, ಬಟ್ಟೆ ಹಿಂಡಿದ್ದು ಸಾಲದು, ಕಸ ಗುಡಿಸಿದ್ದು ಕಾಣದು. ಆ ಹೆಂಗಸು ನಾನು ಹೋಗಬಾರದೆಂದು ಅರಿಶಿನ ಕುಂಕುಮ ಸುರಿದಿದ್ದಾರೆ. ನಾನು ಹೋಗದಿರಲಿ ಎಂದು ಸುರಿದದ್ದೇ ನನ್ನನ್ನು ಊರ್ಡಿಗೆರೆಯ ಬಸ್ಸು ಹತ್ತಿಸುತ್ತಿತ್ತು. ನಗಬೇಕೋ ಅಳಬೇಕೋ ಗೊತ್ತಾಗದೆ ಎರಡನ್ನೂ ಬಚ್ಚಲಲ್ಲಿ ಮಾಡಿ ಬಂದೆ.

ನಿಜ ಹೇಳಲಿಲ್ಲ. ಹೇಳಿದರೆ ಅವರು ಊಟ ಬಿಡುತ್ತಾರೆ. ಅತ್ತೆ, ಇದು ಓಡಾಡುವ ವಸ್ತು, ಇದಕ್ಕೆ ಮಾಡಿದ ಪೂಜೆ ನಿಲ್ಲುವುದಿಲ್ಲ, ಅಂಗಡಿಯ ಹೊಸ್ತಿಲಿಗೆ ಮಾಡಿದರೆ ಭದ್ರ ಎಂದೆ. ನನ್ನ ಮುಖವನ್ನೇ ನೋಡಿ “ಅದೂ ನಿಜ ಬುಡು” ಎಂದರು. ಅಂಗಡಿಗೆ ಬಂದವಳೇ ಹಳೆಯ ಬ್ರಷ್ಷಿನಲ್ಲಿ ರೆಕ್ಕೆ ರೆಕ್ಕೆ ಉಜ್ಜಿ, ಊದಿ, ಅಕ್ಷತೆಕಾಳನ್ನು ಸೂಜಿಯಲ್ಲಿ ಬಿಡಿಸಿದೆ. ರವಿಕೆ ಕಣವನ್ನು ಮಡಿಸಿ ಒಳಗಿಟ್ಟು ಬರೀ ಮೇಜಿನ ಮೇಲೆ ಆನ್ ಮಾಡಿದೆ. ಫ್ಯಾನು ಗುಯ್ಯೆಂದಿತು. ಇದಕ್ಕೊಂದು ಸದ್ದಿತ್ತು ಎನ್ನುವುದೇ ನನಗೆ ಮರೆತುಹೋಗಿತ್ತು. ಮಧ್ಯಾಹ್ನದ ಊಟಕ್ಕೂ ಏಳದೆ ದೊಡ್ಡಪ್ಪ, ಸೋದರಮಾವ, ನಿವೃತ್ತರಾಗದ ಅಡವಿಯಪ್ಪ ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಿದೆ. ಒಂದು ಸಲವೂ ಆಫ್ ಆಗಲಿಲ್ಲ. ಫೈಲು ಪಾಷಾ ಸಾಹೇಬರಿಗೆ ಹೋಗಿದೆ.

ಅತ್ತೆಯ ಪೂಜೆಯ ವಿಷಯ ನಿಮ್ಮ ಬಾಯಿಂದ ಅವರ ಕಿವಿಗೆ ಬಿದ್ದರೆ ನೋಡಿ, ನಾನು ಸುಮ್ಮನಿರುವುದಿಲ್ಲ.

೧೮ ನವೆಂಬರ್, ಮಂಗಳವಾರ

ನಿನ್ನೆ ಮೊದಲ ಪತ್ರಿಕೆ ಅವರ ಮನೆದೇವರ ಮುಂದೆ ಕೂತಿತು. ಇವತ್ತು ಪುಟ್ಟರಂಗಯ್ಯನವರು ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಅಂಗಡಿಗೆ ಬಂದಿದ್ದರು. ಸೋದರಮಾವ ಪತ್ರಿಕೆ ನೋಡಿ ಮುನಿಸು ಬಿಟ್ಟನಂತೆ. ಚೇಳೂರಿನ ಇನ್ನೊಂದು ಮನೆಯವರೂ ಮಗನ ಮದುವೆಯ ಪತ್ರಿಕೆ ನನ್ನಿಂದಲೇ ಮಾಡಿಸುತ್ತಾರಂತೆ. ಒಳಗೆ ಇಣುಕಿ ಯಜಮಾನರನ್ನು ಕೇಳಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತು, ತಲೆ ಕೆರೆದುಕೊಂಡು, ಬೇರೆ ಒಂದು ಮಾತು ಹೇಳಿದರು.

“ಗುರುವಾರ ತಾಳ್ಮೆ ಕೆಟ್ಟು ನಿಮ್ಮ ಎಜಮಾನ್ರಿಗೆ ಫೋನ್ ಮಾಡಿದ್ದೆ ಕಣವ್ವ. ‘ಹೆಸ್ರು ಕೂರ್ಸೋ ಕೆಲ್ಸ ನಂಗೆ ಬರಲ್ಲ ಗೌಡ್ರೆ, ಅದು ಯಾವತ್ತೂ ಅವಳ್ದೇ. ಅವಳ ಕೈಲೇ ಮಾಡಿಸ್ಕೊಳ್ಳಿ, ಎಲ್ಡು ದಿನ ಕಾಯಿರಿ’ ಅಂದ್ರು.”

ಇದಕ್ಕೆ ನಾನು ಏನು ಬರೆಯಬೇಕು ಹೇಳಿ. ಒಂದು ಬಾಯಲ್ಲಿ ಅಂಗಡಿ ಮುಚ್ಚು ಎನ್ನುತ್ತೀರಿ, ಇನ್ನೊಂದು ಬಾಯಲ್ಲಿ ಗಿರಾಕಿಯನ್ನು ನನ್ನ ಬಳಿಗೇ ಅಟ್ಟುತ್ತೀರಿ. ಅತ್ತೆಗೆ ಒಂದು, ಪುಟ್ಟರಂಗಯ್ಯನವರಿಗೆ ಒಂದು, ನನಗೆ ಮಾತ್ರ ಏನೂ ಇಲ್ಲ. ಅದೇ ಮಾತನ್ನು ಆವತ್ತು ಆ ಗಿರಾಕಿಗಳ ಮುಂದೆ ಆಡಿದ್ದರೆ ಟೆಂಪೋ ಬಾಡಿಗೆಯಾದರೂ ಉಳಿಯುತ್ತಿತ್ತು. ನಾನು ತಿಂಗಳುಗಟ್ಟಲೆ ಕಾದಿದ್ದು ಆ ಒಂದು ಮಾತಿಗೆ. ಅದು ಚೇಳೂರು ಸುತ್ತಿಕೊಂಡು ಬಂದು ಸೇರಿತು.

ಇರಲಿ. ಈಗ ನಿಮಗೆ ಹೇಳಬೇಕಾದ ವಿಷಯ. ಅಂಗಡಿ ನಡೆಯುತ್ತಿದೆ, ಮುಚ್ಚುವುದಿಲ್ಲ. ನಾನು ಊರ್ಡಿಗೆರೆಗೆ ಹೋಗುವುದಿಲ್ಲ. ಅತ್ತೆ ಕುಣಿಗಲ್ಲಿಗೆ ಬರುವುದಿಲ್ಲ, ಇದನ್ನು ಅವರೇ ಫೋನಿನಲ್ಲಿ ನಿಮಗೆ ಹೇಳುತ್ತಾರೆ. ಹೊಸ್ತಿಲಿಗೆ ದಿನಾ ಪೂಜೆ ನಡೆಯುತ್ತಿದೆ, ಗಿರಾಕಿಗಳ ಚಪ್ಪಲಿಗೆಲ್ಲ ಕುಂಕುಮ. ಯಾರೂ ದೂರಿಲ್ಲ.

ಭಾನುವಾರ ಕಾರಿಗೆ ಹೇಳಿಬಿಟ್ಟಿದ್ದರೆ ಖಾಲಿ ಕಾರಿನಲ್ಲೇ ಬನ್ನಿ. ಅವರೆಕಾಯಿ ಈಗಷ್ಟೇ ಸಂತೆಗೆ ಬರುತ್ತಿದೆ. ಅಷ್ಟು ದೂರದಿಂದ ಬಂದವನು ಹಾಗೇ ಹೋಗುವುದು ಬೇಡ, ಹಿದುಕಿದ ಬೇಳೆ ಸಾರು ಮಾಡಿಸುತ್ತೇನೆ, ಮುದ್ದೆ ಉಂಡುಕೊಂಡು ಹೋಗಲಿ, ಹೊತ್ತಾದರೆ ಉಳಿದುಕೊಳ್ಳಲಿ, ಹಾಗಂತ ಒಂದು ಸಾಲು ಬರೆಯವ್ವ ಎಂದು ಅತ್ತೆ ನನಗೆ ಹೇಳಿದ್ದಾರೆ. ಹಿರಿಯರ ಮಾತು, ತಲುಪಿಸಿದ್ದೇನೆ. ನನ್ನದೇನೂ ಇಲ್ಲ.

ಇಂತಿ,
ಪ್ರೇಮಲತಾ

ವಿ.ಸೂ.: ಭಾನುವಾರ ಬಂದಾಗ ಅತ್ತೆಯ ಮುಂದೆ ಈ ಕಾಗದದ ಸುದ್ದಿ ಎತ್ತಬೇಡಿ. ನಾನು ನಿಮಗೆ ಬರೆದಿರುವುದು ಅವರಿಗೆ ಗೊತ್ತಿಲ್ಲ.